ಜಾನಮ್ಮನ ಪಟಕ್ಕೆ ಬರೆದ ಮಾಲೆ

ಸಿಂಗಾನಲ್ಲೂರಿನ ದೊರೈಸಾಮಿಯ ಮನೆಯಲ್ಲಿ ಬೆಳಗಾದರೆ ಮಲ್ಲಿಗೆ ಕಟ್ಟುವ ಕೆಲಸ ಅವನ ತಂಗಿ ಜಾನಮ್ಮನದು. ಮಡತ್ತುಕುಳಂಗೆ ಮದುವೆಯಾಗಿ ಹೋದವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ್ದಳು. ಅವಳು ಕಟ್ಟಿದ ಹೂವು ದೇವರಿಗೆ, ಅತ್ತಿಗೆ ಪಾಪಾತಿಯ ಜಡೆಗೆ, ಗೋಡೆಯ ಮೇಲಿನ ಅಮ್ಮನ ಪಟಕ್ಕೆ. ಕಟ್ಟಿದವಳ ತಲೆಗೆ ಒಂದು ಮೊಗ್ಗೂ ಇಲ್ಲ. ಆ ಅಮ್ಮನೂ ವಿಧವೆಯಾಗಿಯೇ ಬಾಳಿದವಳು. ಉಸಿರಿರುವ ತನಕ ಹೂ ಮುಡಿಯಬಾರದು, ಉಸಿರು ನಿಂತ ಮೇಲೆ ದಿನಾ ಮಾಲೆ! ಇದನ್ನು ಸಂಪ್ರದಾಯ ಅನ್ನುವವರ ನಾಲಿಗೆಗೆ ನಾಚಿಕೆಯಾದರೂ ಬೇಡವೇ?

1955ರ ಒಂದು ಶುಕ್ರವಾರ, ಕಟ್ಟಿ ಉಳಿದ ತುಂಡನ್ನು ಎಸೆಯಲು ಮನಸ್ಸಾಗದೆ ಜಾನಮ್ಮ ತುರುಬಿಗೆ ಸಿಕ್ಕಿಸಿಕೊಂಡಳು. ಬಂದ ನೆಂಟರ ಎದುರಿಗೇ ದೊರೈಸಾಮಿ ಅದನ್ನು ಕಿತ್ತು ಚರಂಡಿಗೆಸೆದ.

“ಗಂಡ ಸತ್ತೋಳ್ಗೆ ಹೂ ಒಂದು ಕೇಡು!”

ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡಿದ್ದವಳಿಗೆ ಅಂದು ಪಿತ್ತ ನೆತ್ತಿಗೇರಿತು. ನೆಟ್ಟಗೆ ಫೋಟೋ ತೆಗೆಯುವ ಚೆನ್ನಕೇಶವನ್‌ನ ಸ್ಟುಡಿಯೋಗೆ ನಡೆದಳು. ಸತ್ತವರ ಪಟದ ಮೇಲೆ ಬಣ್ಣದಲ್ಲಿ ಬಾಡದ ಮಾಲೆ ಬರೆದುಕೊಡುವುದರಲ್ಲಿ ಅವನದು ಎತ್ತಿದ ಕೈ. ತನ್ನದೇ ಪಟ ತೆಗೆಸಿಕೊಂಡು, “ಇದಕ್ಕೂ ಮಾಲೆ ಬರಿ” ಅಂದಳು.

ಅವನು ಕುಂಚ ಕೆಳಗಿಟ್ಟ. “ಅಮ್ಮಣಿ, ಬದುಕಿರೋರಿಗೆ ಮಾಲೆ ಬರೆಯೋದುಂಟಾ?”

“ನಾ ಬದ್ಕಿರೋದು ನಿನ್ಗೆ ಕಾಣ್ತದೆ, ಸಾಮಿ. ನಮ್ಮನೇಲಿ ಯಾರ್ಗೂ ಕಾಣಾಕಿಲ್ಲ. ನೀನು ಬರಿ.”

ಅವಳ ಮುಖ ನೋಡಿ ಅವನು ಮತ್ತೆ ಕುಂಚ ಎತ್ತಿಕೊಂಡ. ಒಂದೊಂದೇ ಮೊಗ್ಗನ್ನು ಮನಸ್ಸಿಟ್ಟು ಬರೆದ. ಪಟ ಕೈಗೆ ಬಂದ ದಿನವೇ ಜಾನಮ್ಮ ಅದನ್ನು ಅಮ್ಮನ ಪಟದ ಪಕ್ಕ ತೂಗುಹಾಕಿದಳು.

ಮಧ್ಯಾಹ್ನ ಊಟಕ್ಕೆ ಬಂದ ದೊರೈಸಾಮಿ ಗೋಡೆ ನೋಡಿ ಬೆವತುಹೋದ.

“ಉಸುರಿರೋರ್ಗೆ ಮಾಲೆ ಹಾಕ್ತಾರಾ? ಮನೆ ಹಾಳಾಗ್ತದೆ, ಇಳ್ಸು ಅದನ್ನ!”

“ಯಾರಣ್ಣಾ ಉಸುರಿರೋರು?” ಜಾನಮ್ಮ ಪಟದ ಕೆಳಗೆ ಬಂದು ನಿಂತಳು. “ನಾ ಸತ್ತಿದ್ರೆ ಪಟ ಅಲ್ಲೇ ಇರ್ಲಿ, ದಿನಾ ಹೂ ಹಾಕು. ಬದ್ಕಿದ್ರೆ ನಿನ್ ಕೈಯಾರೆ ಇಳ್ಸು. ಆಮೇಲೆ ನನ್ ತಲೇ ಹೂಗೆ ಕೈ ಹಾಕ್ಬೇಡ.”

ದೊರೈಸಾಮಿ ಹೆಂಡತಿಯ ಮುಖ ನೋಡಿದ. ಪಾಪಾತಿ ತನ್ನ ಜಡೆಯ ಹೂವನ್ನು ಮುಟ್ಟಿಕೊಂಡು, “ಇಳ್ಸ್ರಿ” ಅಂದಳು.

ಅಪಶಕುನದ ಭಯ ದೊಡ್ಡದು. ಅವನು ಸ್ಟೂಲು ಹತ್ತಿ ಪಟ ಬಿಚ್ಚಿದ. ಕೆಳಗಿಳಿಯುವಷ್ಟರಲ್ಲಿ ಜಾನಮ್ಮ ಬುಟ್ಟಿಯ ಮಲ್ಲಿಗೆಯನ್ನು ಮುಡಿದಾಗಿತ್ತು. ಅವನ ಕೈ ಈ ಸಲ ಅವಳ ತುರುಬಿನ ಕಡೆ ಏಳಲಿಲ್ಲ. ಆ ಕೈಯಲ್ಲಿ ಪಟವಿತ್ತು.