ಖಾಲಿಯಿಲ್ಲದ ಪೋರ್ಟ್

ದೆವ್ವ ಗಿವ್ವ ಅಂದವರನ್ನು ಗೇಲಿ ಮಾಡಿಕೊಂಡು ಓಡಾಡುತ್ತಿದ್ದವಳು ನಾನು. ಇದನ್ನು ಓದಿ ನೀವು ನನ್ನನ್ನೇ ಗೇಲಿ ಮಾಡಿದರೂ ಬೇಜಾರಿಲ್ಲ.

ಹುಣಸೂರಿನ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ನಾನು ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುತ್ತೇನೆ. ಒಳಗಿನ ಕಾವು ಮಿತಿಮೀರಿದರೆ ಮನೆಯವರ ಫೋನಿಗೆ ತಿಳಿಸುವುದು ಅದರ ಕೆಲಸ. ಶುರುವಾಗುವ ಮೊದಲು ತನಗೆ ಬೇಕಾದ ಪೋರ್ಟ್, ಅಂದರೆ ಕಂಪ್ಯೂಟರಿನೊಳಗಿನ ನಂಬರ್ ಹಾಕಿದ ಬಾಗಿಲು, ಖಾಲಿ ಇದೆಯೇ ಎಂದು ಅದು ತಟ್ಟಿ ನೋಡುತ್ತದೆ. ಬೇರೆ ಯಾವುದಾದರೂ ಪ್ರೋಗ್ರಾಂ ಒಳಗಿಂದ ಓಗೊಟ್ಟರೆ ತಾನು ಶುರುವಾಗುವುದಿಲ್ಲ. ಇಲ್ಲಿಯ ರೈತರೂ ಅಷ್ಟೇ, ಬ್ಯಾರನ್ ಬಾಗಿಲಲ್ಲಿ ನಿಂತು "ಒಳಗ್ಯಾರವ್ರೆ?" ಎಂದು ಕೂಗದೆ ಒಲೆ ಹಚ್ಚುವುದಿಲ್ಲ.

ಅಂದು ಸಂಜೆ ಬಿಳಿಕೆರೆ ಕಡೆಯ ಶಿವಣ್ಣನವರ ಬ್ಯಾರನ್‌ಗೆ ಸೊಪ್ಪು ಏರಿಸಿ ಮುಗಿದಿತ್ತು. ಶಿವಣ್ಣ ಕೂಗಿದರು, ಉತ್ತರ ಬರಲಿಲ್ಲ, ಬಾಗಿಲು ಹಾಕಿದರು. ಪಕ್ಕದ ಶೆಡ್ಡಿನಲ್ಲಿ ನಾನು ಪ್ರೋಗ್ರಾಂ ಶುರು ಮಾಡಹೋದರೆ "ಪೋರ್ಟ್ ಖಾಲಿ ಇಲ್ಲ" ಅಂತು. ಹಿಡಿದುಕೊಂಡಿರುವುದು ಯಾವುದೆಂದು ಹುಡುಕಿದರೆ ಯಾವ ಪ್ರೋಗ್ರಾಮೂ ಇಲ್ಲ! ಕಂಪ್ಯೂಟರನ್ನೇ ಆರಿಸಿ ಮತ್ತೆ ಹಾಕಿದೆ. ನೆಟ್ ಕೇಬಲ್ ಕಿತ್ತೆ. ಪೋರ್ಟ್ ನಂಬರನ್ನೂ ಬದಲಿಸಿದೆ. ತಟ್ಟಿದಷ್ಟು ಸಲವೂ ಏನೋ ಓಗೊಡುತ್ತಿತ್ತು.

"ಆಯ್ತಾ ಮೇಡಮ್? ಬೆಂಕಿ ಕೊಡ್ಲಾ?" ಶಿವಣ್ಣ ಒಲೆಯ ಹತ್ತಿರದಿಂದ ಕೇಳಿದರು.

"ಬ್ಯಾಡ, ತಡ್ಕೊಳಿ" ಎಂದು ಕಿರುಚಿಯೇಬಿಟ್ಟೆ. ಯಾಕೆ ಕಿರುಚಿದೆನೋ ಗೊತ್ತಿಲ್ಲ, ಹೆದರಿಕೆಯಾಗಿತ್ತು.

ಸುಮ್ಮನೆ ನಿಂತಾಗಲೇ ಅವರಿಗೆ ಹೆಂಡತಿಯ ನೆನಪಾಗಿದ್ದು. "ದೇವಿ ಎಲ್ಲಿ? ಟೀ ಕಾಯ್ಸಕ್ಕೆ ಹೋದೋಳು ಬರ್ಲೇ ಇಲ್ವಲ್ಲ" ಅಂದರು. ಮನೆಗೆ ಫೋನ್ ಮಾಡಿದರೆ ಅವಳು ಅಲ್ಲಿಗೆ ಹೋಗಿಯೇ ಇರಲಿಲ್ಲ.

ಓಡಿಹೋಗಿ ಬ್ಯಾರನ್ ಬಾಗಿಲು ತೆಗೆದೆವು. ಉದುರಿದ ಸೊಪ್ಪು ಆಯಲು ಒಳಹೊಕ್ಕಿದ್ದವಳು ಕಾವಿನ ಕೊಳವೆಗಳ ಹಿಂದೆ, ಮೂಲೆಯಲ್ಲಿ ಜ್ಞಾನ ತಪ್ಪಿ ಬಿದ್ದಿದ್ದಳು. ಅಯ್ಯೋ, ಒಲೆ ಹಚ್ಚಿಬಿಟ್ಟಿದ್ದರೆ! ಅವಳನ್ನು ಹೊರಗೆ ತಂದು ಮಲಗಿಸಿ, ನೀರಿಗೆಂದು ಶೆಡ್ಡಿಗೆ ಬಂದು ನೋಡಿದರೆ ಪೋರ್ಟ್ ಖಾಲಿ. ನಾನೇನೂ ಮಾಡಿರಲಿಲ್ಲ.

"ಹಳೇ ಕನೆಕ್ಷನ್ ಉಳ್ಕೊಂಡಿರುತ್ತೆ ಬಿಡೇ" ಅನ್ನುತ್ತಾರೆ ನನ್ನ ಕಸುಬಿನ ಗೆಳತಿಯರು. ಆರಿಸಿ ಹಾಕಿದ ಮೇಲೂ? ನಂಬರ್ ಬದಲಿಸಿದ ಮೇಲೂ? ಹೋಗಲಿ, ಅದನ್ನೂ ಒಪ್ಪಿಕೊಂಡೇನು. ನನ್ನ ನಿದ್ದೆ ಕೆಡಿಸುವುದು, ಮುಖಕ್ಕೆ ನೀರು ಬಿದ್ದು ಎಚ್ಚರವಾದಾಗ ದೇವಿ ನನ್ನ ಕೈ ಹಿಡಿದು ಹೇಳಿದ ಮಾತು.

"ಅಷ್ಟೊತ್ತಿಂದ ಬಾಗ್ಲು ತಟ್ತಾನೇ ಇದ್ರಲ್ಲಕ್ಕ. ಒಳ್ಗಿವ್ನಿ, ಒಳ್ಗಿವ್ನಿ ಅಂತ ನಾನೂ ಕೂಗ್ತಾನೇ ಇದ್ದೆ ಕಣಕ್ಕ."

ಬ್ಯಾರನ್ ಬಾಗಿಲನ್ನು ನಮ್ಮಲ್ಲಿ ಯಾರೂ ತಟ್ಟಿರಲಿಲ್ಲ.