ಪಕ್ಕದ ಮನೆಯವರ ಪೈಪು

ನನ್ನವರು ತುರ್ಭೆಯ ಸ್ಟೀಲ್ ಪೈಪಿನ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಸೀವುಡ್ಸ್‌ನ ನಮ್ಮ ಬಾಲ್ಕನಿಗೆ ಬಟ್ಟೆ ಒಣಗಿಸುವ ಪೈಪನ್ನು ತಾವೇ ಕೊಯ್ದು ತಂದು ಹಾಕಿದ್ದರು. "ಅಡುಗೆಮನೆಗಾದರೆ 304 ಗ್ರೇಡಿನ ಸ್ಟೀಲು ಸಾಕು. ಇಲ್ಲಿ ಸಮುದ್ರದ ಖಾಡಿಯ ಉಪ್ಪುಗಾಳಿ, 316 ಬೇಕು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ನಾನು ದಿನವೂ ಕಬ್ಬಿಣದ ತಂತಿಯ ಬ್ರಷ್ಷಿನಿಂದ ಅದನ್ನು ಉಜ್ಜಿ ಹೊಳಪಿಡುತ್ತಿದ್ದೆ. ಆದರೂ ಮಳೆಗಾಲದಲ್ಲಿ ಕಂದು ಚುಕ್ಕೆಗಳೆದ್ದವು. ಅಗ್ಗದ 202 ತಂದು ಜಂಬ ಕೊಚ್ಚಿದ್ದರೇ? ಶಾಲೆಯಲ್ಲಿ ಉತ್ತರ ತಿದ್ದಿ ರೂಢಿಯಾದವಳು ನಾನು. ಸಂಶಯ ಬಂದರೆ ಸುಮ್ಮನಿರಲಾರೆ. ಪೈಪು ಬಿಚ್ಚಿಸಿ ರಿಕ್ಷಾದಲ್ಲಿ ಅದೇ ಗೋದಾಮಿಗೆ ಒಯ್ದೆ.

ಅವರ ಜೊತೆ ಕೆಲಸ ಮಾಡಿದ್ದ ವಿಜಯಪುರದವರೊಬ್ಬರು ಅಲ್ಲಿದ್ದರು; ನನ್ನನ್ನು ಅತ್ತಿಗೆಯೆಂದು ಬಗೆದು ವೈನಿ ಎನ್ನುವವರು. "ಯಾರ ಪೈಪ್ ರೀ ವೈನಿ?"

"ಪಕ್ಕದ ಮನೆಯವರದು. ಗ್ರೇಡ್ ಗೊತ್ತಾಗಬೇಕಂತೆ" ಎಂದೆ.

ಅವರು ಪಿಸ್ತೂಲಿನಂಥ ಯಂತ್ರವನ್ನು ಪೈಪಿಗೆ ಒತ್ತಿದರು. ಪರದೆಯ ಮೇಲೆ 316 ಎಂದು ಬಂತು. ಆಮೇಲೆ ತುದಿಯೊಳಗೆ ಬೆರಳಾಡಿಸಿ ನನ್ನ ಮುಖ ನೋಡಿದರು. ಕೊಯ್ದ ಅಂಚನ್ನು ಒಳಗಡೆಯೂ ಅರದಿಂದ ನುಣುಪು ಮಾಡುತ್ತಿದ್ದವರು ಆ ಗೋದಾಮಿನಲ್ಲಿ ನನ್ನವರೊಬ್ಬರೇ. ಅದು ಯಾರ ಕೈಕೆಲಸ, ನಾನು ಯಾಕೆ ಬಂದೆ ಎಂಬುದೆರಡೂ ಅವರಿಗೆ ತಿಳಿದುಹೋಯಿತು. ನನಗೆ ತಲೆ ಎತ್ತಲಾಗಲಿಲ್ಲ.

"ಮಾಲು ಪಕ್ಕಾ ಐತ್ರಿ. ಕಬ್ಬಿಣದ ಬ್ರಷ್‌ಲೆ ತಿಕ್ಕ್ಯಾರ, ಅದರ ಪುಡಿ ಹತ್ತಿ ತುಕ್ಕಾಗೈತಿ" ಎಂದರು. ಪೈಪನ್ನು ಒರೆಸಿ ನನ್ನ ಕೈಗಿಡುತ್ತಾ, "ಮೆತ್ತನ ಅರಿವಿಲೆ ಒರಸ್ರಿ ಅಂತ ಪಕ್ಕದ ಮನಿಯವರಿಗೆ ಹೇಳ್ರಿ, ವೈನಿ" ಎಂದರು.

ಖಂಡಿತ ಹೇಳುತ್ತೇನೆ ಎಂದೆ. ಪಕ್ಕದ ಮನೆಯವರು ಇಂದಿಗೂ ಬಟ್ಟೆ ಒಣಗಿಸುವುದು ನೈಲಾನ್ ಹಗ್ಗದ ಮೇಲೆ.