ಎರಡನೇ ಪಂಪು

ಬಾಮೈದ ತಾನು ಒರಗಿದ್ದು ಗೋಡೆಗೆ ಎಂದುಕೊಂಡಿದ್ದ. ಅದು ವಾಲ್ವಿನ ಚಕ್ರ. ಅವನ ತೂಕಕ್ಕೆ ಮರ್ಯಾದೆ ಕೊಟ್ಟು ಅರ್ಧ ಸುತ್ತು ತಿರುಗಿ, ಪ್ರಯೋಗಾಲಯದ ನೀರನ್ನೆಲ್ಲ ಅವನ ಹೊಸ ಪ್ಯಾಂಟಿನ ಮೇಲೆ ಸುರಿಯಿತು. ಐವತ್ತರ ಅಂಚಿನಲ್ಲಿ ಪಿಎಚ್‌ಡಿ ಮಾಡಹೊರಟ ಶಿಕ್ಷಣಶಾಸ್ತ್ರದ ಮೇಷ್ಟ್ರಾದ ಅವನು ಸೊಂಟದಿಂದ ಕೆಳಗೆ ತೊಟ್ಟಿಕ್ಕುತ್ತ, ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ಎಲ್ಲರನ್ನೂ ಸಮಾಧಾನ ಮಾಡತೊಡಗಿದ. ಸಮಾಧಾನ ಯಾರಿಗೂ ಬೇಕಿರಲಿಲ್ಲ. ಒಬ್ಬ ಹುಡುಗಿ ವಾಲ್ವು ಮುಚ್ಚಿದಳು, ಇನ್ನೊಬ್ಬಳು ಮೋಟಾರು ನಿಲ್ಲಿಸಿದಳು, ಯಾರೋ ನೆಲ ಒರೆಸಲು ಶುರುಮಾಡಿದರು. ಪಕ್ಕದಲ್ಲೇ ನಿಂತಿದ್ದ ಭಾವನನ್ನು, ಏನು ಮಾಡಲಿ ಎಂದು ಒಬ್ಬರೂ ಕೇಳಲಿಲ್ಲ. ಅಪ್ಪಣೆ ಕೊಡಲು ಕೈಯೆತ್ತಿದ್ದ ಭಾವ ಅದನ್ನು ಹಾಗೇ ಇಳಿಸಿ ಜೇಬಿಗೆ ಹಾಕಿಕೊಂಡರು.

ಭಾವ ಎಂದರೆ ಅಕ್ಕನ ಗಂಡ. ಈ ಕಾಲೇಜಿನ ಜಲಶಾಸ್ತ್ರ ವಿಭಾಗಕ್ಕೆ ಬಹುಕಾಲ ಮುಖ್ಯಸ್ಥರಾಗಿದ್ದವರು. ಅಕ್ಕ ತೀರಿಕೊಂಡ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಿದ್ದು ಇವತ್ತೇ ಮೊದಲು. ಕೆಲಸ ವಾಪಸು ಕೇಳಬೇಕಿತ್ತು. ಹುದ್ದೆಯೇನೂ ಬೇಡ. ಒಂದು ಪಾಠ, ಇಲ್ಲವೇ ಒಂದು ಲ್ಯಾಬು. ಬೆಳಿಗ್ಗೆ ಎದ್ದು ಶೂ ಹಾಕಿಕೊಳ್ಳಲು ಒಂದು ಕಾರಣ. ಒಬ್ಬರೇ ಬರಲು ಧೈರ್ಯ ಸಾಲದೆ, ನಿನ್ನ ಪಿಎಚ್‌ಡಿಗೆ ಬೇಕಾದ ನನ್ನ ಸಂದರ್ಶನವನ್ನೂ ಇವತ್ತೇ ಮುಗಿಸಿಕೋ ಬಾ ಎಂದು ಬಾಮೈದನನ್ನು ಜೊತೆಗೆ ಎಳೆದುಕೊಂಡು ಬಂದಿದ್ದರು.

ಎಂಜಿನಿಯರಿಂಗ್ ಅಧ್ಯಾಪಕರು ನಾಯಕತ್ವವನ್ನು ಹೇಗೆ ತಿಳಿಯುತ್ತಾರೆ ಎಂಬುದು ಅವನ ಪ್ರಬಂಧದ ವಿಷಯ. ವಿದ್ಯುತ್ ವಿಭಾಗದವರು, ನಾಯಕ ಕರೆಂಟಿನ ಹಾಗೆ, ಕಣ್ಣಿಗೆ ಕಾಣಬಾರದು, ಮುಟ್ಟಿದವನಿಗೆ ಮಾತ್ರ ಗೊತ್ತಾಗಬೇಕು ಎಂದಿದ್ದರು. ಕಟ್ಟಡ ವಿಭಾಗದ ಮೇಡಂ, ನಾಯಕ ಎಂದರೆ ಕಂಬ, ಬಿರುಕು ಬಿಡುವ ತನಕ ಯಾರೂ ತಲೆಯೆತ್ತಿ ನೋಡುವುದಿಲ್ಲ ಎಂದಿದ್ದರು. ಯಾವುದು ಸಿದ್ಧಾಂತ, ಯಾವುದು ಗೊಣಗಾಟ ಎಂದು ತಿಳಿಯದೆ ಅವನು ಎರಡನ್ನೂ ಸಿದ್ಧಾಂತದ ಅಧ್ಯಾಯಕ್ಕೇ ತುರುಕಿದ್ದ.

ಭಾವನ ಸಿದ್ಧಾಂತ ಮಾತ್ರ ಇಡೀ ಮನೆಗೆ ಬಾಯಿಪಾಠ. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಯಾವಾಗಲೂ ಎರಡು ಪಂಪು ಇಡುತ್ತಾರೆ. ಒಂದು ಕೆಟ್ಟರೆ ಇನ್ನೊಂದು. ನಾಯಕನೂ ಅಷ್ಟೇ, ತಾನು ಕೆಟ್ಟು ಕೂತರೂ ನೀರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಹಾಗೆಂದೇ ಅವರು ಪ್ರತಿ ಕೆಲಸವನ್ನೂ ಇಬ್ಬರಿಬ್ಬರಿಗೆ ಕಲಿಸಿದರು: ಟೈಮ್‌ಟೇಬಲ್ಲು, ಮೋಟಾರು ರಿಪೇರಿ, ಪ್ರಿನ್ಸಿಪಾಲರ ಮುಂಗೋಪ ಸಂಭಾಳಿಸುವ ಬಗೆ. ಬೇರೆ ಮುಖ್ಯಸ್ಥರು ತಾವಿಲ್ಲದಿದ್ದರೆ ಕಾಲೇಜೇ ಮುಳುಗುತ್ತದೆಂದು ಬೀಗುತ್ತಿದ್ದರೆ, ಇವರು ರಜೆ ಹಾಕಿ ಬಂದು, ಏನೂ ಮುಳುಗಲಿಲ್ಲವೆಂದು ಹಿಗ್ಗುತ್ತಿದ್ದರು. ಬೆನ್ನ ಹಿಂದೆ ಅವರಿಗೆ ಸ್ಪೇರ್ ಪಾರ್ಟ್ ಎಂದೇ ಹೆಸರು.

ಅಕ್ಕ ಹಾಸಿಗೆ ಹಿಡಿದಾಗ ಈ ಸಿದ್ಧಾಂತವೇ ಕೈಹಿಡಿಯಿತು. ತಿಂಗಳುಗಟ್ಟಲೆ ಭಾವ ರಜೆ ಹಾಕಿ ಆಸ್ಪತ್ರೆಯಲ್ಲೇ ಕೂತರು. ಕಾಲೇಜಿನಿಂದ ಒಂದು ಫೋನೂ ಬರಲಿಲ್ಲ. ನೋಡು, ಇವತ್ತೂ ಬಂದಿಲ್ಲ ಎಂದು ಅಕ್ಕನಿಗೆ ಫೋನು ತೋರಿಸಿ ಸಂತೋಷಪಡುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕ ದಿಂಬಿನಿಂದ ತಲೆಯೆತ್ತದೆಯೇ ಹೇಳಿದಳು:

“ಅಲ್ಲಾರೀ, ಊರಿಗೆಲ್ಲ ಎರಡೆರಡು ಇಟ್ರಿ. ಮನೇಲಿ ಮಾತ್ರ ಒಂದೇ ಇಟ್ಕೊಂಡ್ರಲ್ಲ.”

ಬಾಮೈದ ನಕ್ಕುಬಿಟ್ಟ. ಭಾವ ನಗಲಿಲ್ಲ. ತುಂಬಿದ್ದ ನೀರಿನ ಲೋಟವನ್ನೇ ತುಂಬಿಸಿಕೊಂಡು ಬರುತ್ತೇನೆಂದು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ.

ಈಗಿನ ಮುಖ್ಯಸ್ಥೆ ಭಾವನ ಶಿಷ್ಯೆ. ಇವರನ್ನು ಕಂಡೊಡನೆ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು. ತೊಯ್ದು ತೊಪ್ಪೆಯಾಗಿದ್ದ ಬಾಮೈದನನ್ನು ಭಾವ ‘ನಮ್ಮ ಹುಡುಗ’ ಎಂದು ಪರಿಚಯಿಸಿ, ತಮಗೊಂದು ಪಾಠ ಸಿಗಬಹುದೇ ಎಂದು ಕೇಳಿದರು. ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದ್ದರಿಂದ ಅದು ಇಲಾಖಾ ವಿಚಾರಣೆಯಂತೆ ಕೇಳಿಸಿತು.

“ಈ ವರ್ಷ ನೀವು ಆರಾಮಾಗಿರಿ ಸರ್. ನಿಮ್ಮ ಪಾಠಾನ ಇಬ್ಬರು ಹಂಚ್ಕೊಂಡಿದ್ದಾರೆ.”

“ಒಬ್ಬರಿಗೆ ಹುಷಾರಿಲ್ಲ ಅಂದ್ರೆ?”

“ಇನ್ನೊಬ್ಬರು ತಗೋತಾರೆ.”

“ಇಬ್ಬರಿಗೂ ಇಲ್ಲ ಅಂದ್ರೆ?”

“ಮೂರನೆಯವರನ್ನ ತಯಾರು ಮಾಡಿದ್ದೀನಿ ಸರ್,” ಎಂದಳು ಅವಳು, ಮೌಖಿಕ ಪರೀಕ್ಷೆಗೆ ಕೂತವಳ ಹಾಗೆ.

ಭಾವನ ಮುಖ ಒಂದು ಕ್ಷಣ ಅರಳಿತು; ಉತ್ತರ ಸರಿಯಾಗಿದ್ದಾಗ ಮೇಷ್ಟ್ರ ಮುಖ ಅರಳುವ ರೀತಿ. ಆಮೇಲೆ ತಾವು ಕೇಳಲು ಬಂದದ್ದು ಏನನ್ನು ಎಂಬುದು ಅವರಿಗೆ ನೆನಪಾಯಿತು. ಚೆನ್ನಾಗಿದೆ, ಹೀಗೇ ಇರಬೇಕು ಎಂದರು. ಕೈಚಾಚಲು ಬಂದವರು ಶಹಬಾಸ್ ಹೇಳಿ ಹೊರಟರು.

ಕಾರಿಡಾರಿನ ಕೊನೆಯಲ್ಲಿ ಭಾವನ ಹಳೆಯ ಕೋಣೆ. ಪ್ಲಗ್ಗು ಹತ್ತಿರವೆಂದು ಯಾರೋ ವಿಭಾಗದ ಪ್ರಿಂಟರನ್ನು ಅವರ ಕುರ್ಚಿಯ ಮೇಲೆ ಇಟ್ಟಿದ್ದರು. ಯಾವ ಕೋಣೆಯಿಂದ ಯಾರು ಹೇಳಿದ್ದರೋ, ಅದು ತನ್ನಷ್ಟಕ್ಕೆ ಪ್ರಶ್ನೆಪತ್ರಿಕೆ ಹೊರಹಾಕುತ್ತಿತ್ತು. ಪ್ರಿಂಟರನ್ನು ತೆಗೆಯಲು ಮುಂದಾದ ಬಾಮೈದನನ್ನು ಭಾವ ತಡೆದು, ಎದುರಿಗೆ ವಿದ್ಯಾರ್ಥಿಗಳು ಕೂರುವ ಸ್ಟೂಲಿನ ಮೇಲೆ ಕೂತರು. ಮನೆಗೆ ಹೋಗೋಣ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಕ್ಕನಿಲ್ಲದ ಆ ಮನೆಗೆ ಹೋಗಿ ಇವರು ಮಾಡುವುದೇನು? ಅತ್ತುಬಿಡುತ್ತೇನೆಂಬ ಹೆದರಿಕೆಗೆ ಪ್ರಶ್ನಾವಳಿಯ ಮೊರೆಹೊಕ್ಕು, ಕಣ್ಣಿಗೆ ಬಿದ್ದ ಪ್ರಶ್ನೆಯನ್ನು ಓದಿದ.

“ಭಾವ, ಒಬ್ಬ ನಾಯಕ ಗೆದ್ದ ಅಂತ ಹೇಗೆ ಗೊತ್ತಾಗುತ್ತೆ?”

ಭಾವ ಹೊರಬಿದ್ದಿದ್ದ ಹಾಳೆಗಳನ್ನು ಅಂಚು ಕೂಡಿಸಿ ಮೇಜಿನ ಮೇಲೆ ಇಟ್ಟರು.

“ಅವನ ಕುರ್ಚಿ ಮೇಲೆ ಪ್ರಿಂಟರ್ ಇಟ್ಟಿರ್ತಾರೆ. ಬರ್ಕೋ.”